ಒಂದು ಬೆಳಗ್ಗೆ ಶುಭೋದಯ ಬರಲಿಲ್ಲ

ತುಮಕೂರಿನ ಅಶೋಕನಗರದಲ್ಲಿ, ಕೊಬ್ಬರಿ ವ್ಯಾಪಾರಿಯೊಬ್ಬರು ಬಿಟ್ಟುಕೊಟ್ಟ ಮಹಡಿ ಕೋಣೆಯಲ್ಲಿ 'ಓದುಗೆಳೆಯರ ಬಳಗ' ಎಂಬ ಸಣ್ಣ ಸಂಸ್ಥೆಯಿದೆ. ಕಣ್ಣು ಕಾಣದ ಮಕ್ಕಳಿಗೆ ಪಾಠಗಳನ್ನು ಓದಿ ರೆಕಾರ್ಡ್ ಮಾಡಿ ಕಳಿಸುವುದು, ಪರೀಕ್ಷೆಯಲ್ಲಿ ಅವರು ಹೇಳಿದ್ದನ್ನು ಬರೆದುಕೊಡುವವರನ್ನು ಹುಡುಕಿಕೊಡುವುದು, ಇದಿಷ್ಟೇ ಅದರ ಕೆಲಸ. ಬಳಗದ ಫೇಸ್‌ಬುಕ್ ಪುಟ, ವಾಟ್ಸಾಪ್ ಗ್ರೂಪು ಎಲ್ಲವನ್ನೂ ನೋಡಿಕೊಳ್ಳುವವಳು ದೀಪಿಕಾ.

ದೀಪಿಕಾ ಗುಬ್ಬಿಯವಳು. ಬಿ.ಕಾಂ. ಮುಗಿಸಿ ತುಮಕೂರಿನ ಸೊಸೈಟಿಯೊಂದರಲ್ಲಿ ಕೆಲಸಕ್ಕಿದ್ದಳು. ಮಗಳು ಹುಟ್ಟಿದ ಮೇಲೆ ಅದನ್ನು ಬಿಟ್ಟು, ಮನೆಯಿಂದಲೇ ಮಾಡಬಹುದೆಂದು ಬಳಗದ ಕೆಲಸ ಹಿಡಿದಳು. ಒಂದು ಕೈಯಲ್ಲಿ ಮಗುವಿಗೆ ರಾಗಿ ಸರಿ ತಿನ್ನಿಸುತ್ತ, ಇನ್ನೊಂದು ಕೈಯಲ್ಲಿ ಫೋನಿನಲ್ಲೇ ಪೋಸ್ಟರ್ ಮಾಡುವುದು ಅವಳಿಗೆ ರೂಢಿಯಾಗಿತ್ತು. ಪೋಸ್ಟರುಗಳು ಚೆನ್ನಾಗಿಯೇ ಇರುತ್ತಿದ್ದವು. ಲೈಕುಗಳೂ ಬರುತ್ತಿದ್ದವು. ಕೆಲಸ ನಡೆಯುತ್ತಿದೆ ಎಂದು ಅವಳು ನೆಮ್ಮದಿಯಾಗಿದ್ದಳು.

ಮಾರ್ಚಿ ತಿಂಗಳ ಒಂದು ಗುರುವಾರ ಬೆಳಗ್ಗೆ ಕುಣಿಗಲ್ ಕಡೆಯಿಂದ ಸಂಧ್ಯಾಳ ಫೋನು ಬಂತು. ಸಂಧ್ಯಾಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಹೋದ ವರ್ಷ ಅವಳ ಸೆಕೆಂಡ್ ಪಿಯುಸಿ ಪರೀಕ್ಷೆ ಬರೆದುಕೊಡುತ್ತೇನೆಂದು ಒಪ್ಪಿಕೊಂಡಿದ್ದವಳು ಕೊನೆ ಗಳಿಗೆಯಲ್ಲಿ ಕೈಕೊಟ್ಟಿದ್ದಳು. ಗೇಟಿನ ತನಕ ಹೋದ ಸಂಧ್ಯಾ ಹಾಗೇ ಮನೆಗೆ ವಾಪಸಾಗಿದ್ದಳು. ಆಮೇಲೇ ಬಳಗದವರು ಅವಳ ಜವಾಬ್ದಾರಿ ಹೊತ್ತು ಬೇರೊಬ್ಬ ಹುಡುಗಿಯನ್ನು ಗೊತ್ತುಮಾಡಿದ್ದರು.

"ಅಕ್ಕ, ಆ ಹುಡ್ಗಿಗೆ ಅಮ್ಮ ಆಗೈತಂತೆ. ಮೈಯೆಲ್ಲ ಗುಳ್ಳೆ ಎದ್ದು ಮಲಗವ್ಳೆ."

"ಪರೀಕ್ಷೆ ಸೋಮವಾರ ಅಲ್ವಾ?"

"ಹೂಂ. ಬೇರೆಯೋರ ಹೆಸರನ್ನ ಶನಿವಾರ ಮಧ್ಯಾಹ್ನದೊಳಗೆ ಕೊಡಿ ಅಂದವ್ರೆ ಕಾಲೇಜಲ್ಲಿ."

"ಸಿಕ್ತಾರೆ ಬಿಡು. ನಮ್ಮ ಗ್ರೂಪಲ್ಲಿ ಅಷ್ಟೊಂದು ಜನ ಇದಾರಲ್ಲ."

"ಈ ಸಲನೂ ಆಗ್ಲಿಲ್ಲ ಅಂದ್ರೆ ನಾನು ಇನ್ಮೇಲೆ ಬರೆಯಲ್ಲ ಅಕ್ಕ. ಅಮ್ಮಂಗೂ ಹೇಳ್ಬಿಟ್ಟಿದೀನಿ."

ಸಂಧ್ಯಾ ಅಳುತ್ತಿರಲಿಲ್ಲ. ಅಳದೆ ಹಾಗೆ ಹೇಳಿದ್ದೇ ದೀಪಿಕಾಳಿಗೆ ಹೆದರಿಕೆ ಹುಟ್ಟಿಸಿತು.

ಮಗುವನ್ನು ತೊಟ್ಟಿಲಿಗೆ ಹಾಕಿ ಕೂಡಲೇ ಪೋಸ್ಟರ್ ಮಾಡಿದಳು. ನೀಲಿ ಬಣ್ಣದ ಹಿನ್ನೆಲೆ, ಉರಿಯುವ ದೀಪ, ಮೇಲೆ ದಪ್ಪಕ್ಷರದಲ್ಲಿ 'ಜ್ಞಾನದ ಬೆಳಕಾಗಿ ಬನ್ನಿ, ಪರೀಕ್ಷೆಗೆ ನೆರವಾಗಿ'. ಗ್ರೂಪಿಗೂ ಹಾಕಿದಳು, ಪುಟಕ್ಕೂ ಹಾಕಿದಳು. ಸ್ವಲ್ಪ ಹೊತ್ತಿಗೆ ಉತ್ತರಗಳು ಬರತೊಡಗಿದವು. ಒಬ್ಬರು ಕೈ ಮುಗಿದಿದ್ದರು. ಇನ್ನೊಬ್ಬರು 'ಉತ್ತಮ ಕಾರ್ಯ, ಶುಭವಾಗಲಿ' ಎಂದಿದ್ದರು. ಬಳಗ ಕಟ್ಟಿದ ಸದಾಶಿವಯ್ಯ ಮೇಷ್ಟ್ರು ಒಂದು ಕೆಂಪು ಗುಲಾಬಿ ಕಳಿಸಿದ್ದರು. ನಾನು ಬರುತ್ತೇನೆ, ನನ್ನ ಮಗಳನ್ನು ಕಳಿಸುತ್ತೇನೆ ಎಂದವರು ಮಾತ್ರ ಒಬ್ಬರೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ತಡೆಯಲಾರದೆ ಸುಧಾಗೆ ಫೋನ್ ಮಾಡಿದಳು. ಸುಧಾ ಅವಳ ಜೊತೆ ಓದಿದವಳು, ಗುಬ್ಬಿಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದಾಳೆ.

"ಗ್ರೂಪ್ ನೋಡ್ಲಿಲ್ವೇನೇ ಸುಧಾ?"

"ಯಾವ ಗ್ರೂಪು? ಓ, ನಿಮ್ಮ ಹೂವಿನ ಮಾರ್ಕೆಟ್ಟಾ? ಅದನ್ನ ಮ್ಯೂಟ್ ಮಾಡಿ ವರ್ಷ ಆಯ್ತು ಕಣೇ."

"ಮ್ಯೂಟಾ?"

"ಇನ್ನೇನ್ ಮಾಡ್ಲಿ? ಬೆಳಗಾದ್ರೆ ಶುಭೋದಯ, ಸಂಜೆ ಆದ್ರೆ ಶುಭಸಂಜೆ, ಸೋಮವಾರಕ್ಕೊಂದು ಶಿವ, ಅದಕ್ಕೆ ಎಲ್ಲರೂ ಒಂದೊಂದು ಹೂವು. ನಾನು ಮಕ್ಕಳಿಗೆ ಡಬ್ಬಿ ಕಟ್ಲಾ, ನಿಮ್ಮ ಹೂವು ಗುಡಿಸ್ಲಾ?"

"ಮುಖ್ಯವಾದ್ದು ಬಂದಾಗಾದ್ರೂ ನೋಡ್ಬೇಕಲ್ವೇನೇ?"

"ಮುಖ್ಯವಾದ್ದು ಬಂತು ಅಂತ ಹೆಂಗೆ ಗೊತ್ತಾಗ್ಬೇಕು? ತಡಿ, ಈಗ ಓದ್ತೀನಿ. 'ಜ್ಞಾನದ ಬೆಳಕಾಗಿ ಬನ್ನಿ.' ಎಲ್ಲಿಗ್ ಬರ್ಬೇಕೇ? ಕುಣಿಗಲ್ ಅಂತಾನೂ ಹಾಕಿಲ್ಲ ನೀನು. ನಾನೂ ಒಂದು ಹೂವು ಹಾಕಿ ಮುಂದಕ್ಕೆ ಹೋಗ್ತಿದ್ದೆ."

ಫೋನಿಟ್ಟ ಮೇಲೆ ದೀಪಿಕಾ ಗ್ರೂಪನ್ನು ಹಿಂದಕ್ಕೆ ಸರಿಸುತ್ತ ಹೋದಳು. ಹಿಂದಿನ ಸಲ ತಾನು ಕೇಳಿದ್ದ ಸಹಾಯ ಎಲ್ಲಿದೆಯೆಂದು ಹುಡುಕಿದರೆ, ಸೂರ್ಯೋದಯ, ಕಾಫಿ ಲೋಟ, ದಾಸವಾಳ, ಬಿಲ್ವಪತ್ರೆಗಳ ರಾಶಿಯ ಅಡಿಯಲ್ಲಿ ಅದು ಎಲ್ಲಿ ಹೂತುಹೋಗಿತ್ತೋ ಸಿಗಲೇ ಇಲ್ಲ. ನಡುನಡುವೆ ಅವಳೇ ಹಾಕಿದ ಸುಭಾಷಿತಗಳೂ ಇದ್ದವು. ಪುಟ ನಡೆಸುವವರು ದಿನಾ ಏನಾದರೂ ಹಾಕುತ್ತಿರಬೇಕೆಂದು ಯಾರೋ ಹೇಳಿದ್ದನ್ನು ನಂಬಿದ್ದಳು. ಕದ ಸುಮ್ಮನೆ ತಟ್ಟುತ್ತಲೇ ಇದ್ದರೆ ಒಳಗಿನವರು ಎದ್ದು ಬರುವುದನ್ನು ಬಿಡುತ್ತಾರೆ ಎನ್ನುವುದು ಈಗ ಹೊಳೆಯಿತು.

ಕೂತು ಮರುಗಲು ಹೊತ್ತಿರಲಿಲ್ಲ. ಸಂಧ್ಯಾಗೆ ಫೋನ್ ಮಾಡಿ, "ನಿನ್ನ ಮಾತಲ್ಲೇ ಹೇಳಿ ರೆಕಾರ್ಡ್ ಕಳಿಸು. ಯಾರು ಬೇಕು, ಎಲ್ಲಿಗೆ, ಯಾವತ್ತು, ಅಷ್ಟೇ" ಎಂದಳು.

"ಫೋಟೋ ಬೇಡ ಅಕ್ಕ. ಹಿಂದೆ ಅಳೋ ಮ್ಯೂಸಿಕ್ಕೂ ಹಾಕ್ಬೇಡಿ."

"ಹಾಕಲ್ಲ."

ಸ್ವಲ್ಪ ಹೊತ್ತಿಗೆ ಧ್ವನಿ ಬಂತು. "ನಾನು ಸಂಧ್ಯಾ. ಸೋಮವಾರದಿಂದ ಕುಣಿಗಲ್‌ನಲ್ಲಿ ನನಗೆ ಸೆಕೆಂಡ್ ಪಿಯುಸಿ ಪರೀಕ್ಷೆ. ನನಗೆ ಕಣ್ಣು ಕಾಣಲ್ಲ. ನಾನು ಹೇಳ್ತೀನಿ, ನೀವು ಬರ್ಕೊಡ್ಬೇಕು. ಫಸ್ಟ್ ಪಿಯುಸಿ ಓದ್ತಿರೋರು, ಇಲ್ಲಾಂದ್ರೆ ಅದಕ್ಕಿಂತ ಕೆಳಗಿನೋರು ಆಗ್ಬೇಕು. ಕನ್ನಡ ಬೇಗ ಬರಿಯೋಕೆ ಬರ್ಬೇಕು. ಉತ್ತರ ಎಲ್ಲ ನನಗೆ ಗೊತ್ತು. ಎಲ್ಲ ಅಂದ್ರೆ, ಸುಮಾರು ಗೊತ್ತು. ಶುಕ್ರವಾರ ಸಂಜೆಯೊಳಗೆ ದೀಪಿಕಕ್ಕಂಗೆ ಫೋನ್ ಮಾಡಿ."

ದೀಪಿಕಾ ಅದನ್ನು ಎರಡು ಸಲ ಕೇಳಿದಳು. ತಿದ್ದಬೇಕಾದ್ದು ಏನೂ ಇರಲಿಲ್ಲ. ಆದರೆ ಮ್ಯೂಟ್ ಆದ ಗ್ರೂಪಿಗೆ ಹಾಕಿ ಏನು ಪ್ರಯೋಜನ? ಆಗ ಮೇಷ್ಟ್ರು ನೆನಪಾದರು. ಅವರು ಗ್ರೂಪಿಗೆ ಕಳಿಸುವುದಲ್ಲದೆ, ಬೆಳಗಿನ ಲಿಂಗಪೂಜೆ ಮುಗಿಸಿ ತಮ್ಮ ಹಳೆಯ ವಿದ್ಯಾರ್ಥಿಗಳಿಗೆಲ್ಲ ಬೇರೆಬೇರೆಯಾಗಿಯೂ ಶುಭೋದಯ ಕಳಿಸುತ್ತಿದ್ದರು. ಮೇಷ್ಟ್ರ ಹೆಸರು ಕಂಡರೆ ಅವರೆಲ್ಲ ತೆರೆದು ನೋಡುತ್ತಿದ್ದರು.

ಮಗುವನ್ನು ಕಂಕುಳಿಗೇರಿಸಿಕೊಂಡು ಪಕ್ಕದ ಬೀದಿಯ ಅವರ ಮನೆಗೆ ಹೋದಳು. ಮೇಷ್ಟ್ರು ವಿಷಯವನ್ನೆಲ್ಲ ಕೇಳಿಸಿಕೊಂಡರು.

"ನಾಳೆ ಒಂದಿನ ಶುಭೋದಯದ ಬದಲು ಈ ಧ್ವನಿ ಕಳಿಸ್ತೀರಾ ಮೇಷ್ಟ್ರೇ?"

"ಬದಲು ಯಾಕವ್ವ? ಅದ್ನೂ ಕಳಿಸ್ತೀನಿ, ಇದ್ನೂ ಕಳಿಸ್ತೀನಿ."

"ಹೂವಿನ ಜೊತೆ ಹೋದ್ರೆ ಇದನ್ನೂ ಹೂವು ಅಂದ್ಕೊಂಡು ಬಿಟ್ಬಿಡ್ತಾರೆ." ದೀಪಿಕಾ ತಡವರಿಸಿದಳು. ಹೇಳದೆ ವಿಧಿಯಿರಲಿಲ್ಲ. "ಗ್ರೂಪಲ್ಲಿ ತುಂಬ ಜನ ಮ್ಯೂಟ್ ಮಾಡ್ಬಿಟ್ಟಿದಾರೆ ಮೇಷ್ಟ್ರೇ. ದಿನಾ ಬರತ್ತೆ ಅಂತ."

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು.

"ನನ್ನನ್ನ ಮ್ಯೂಟ್ ಮಾಡವ್ರಾ?"

"ನಿಮ್ಮನ್ನಲ್ಲ, ಗ್ರೂಪನ್ನ."

"ನೀನೂ ಮಾಡಿದೀಯಾ?"

"ನಾನು ಅಡ್ಮಿನ್ನು. ಮಾಡಂಗಿಲ್ಲ."

"ಮಾಡಂಗಿದ್ರೆ ಮಾಡ್ತಿದ್ದೆ ಅನ್ನು."

ಮಗು ಗೂಡಿನಲ್ಲಿದ್ದ ವಿಭೂತಿ ಗಟ್ಟಿಗೆ ಕೈ ಚಾಚಿತು. ಮೇಷ್ಟ್ರು ಅದರ ಹಣೆಗೊಂದಿಷ್ಟು ಹಚ್ಚಿ, ಮೆಲ್ಲಗೆ ಹೇಳಿದರು: "ಸ್ಕೂಲಿಗೆ ನಡ್ಕೊಂಡು ಹೋಗೋವಾಗ ದಾರಿಯಾಗೆ ಸಿಕ್ಕೋರ್ನೆಲ್ಲ ಮಾತಾಡಿಸ್ತಿದ್ದೆ ಕಣವ್ವ. ಈಗ ಮಂಡಿ ನೋವು, ಎಲ್ಲೂ ಹೋಗಲ್ಲ. ಫೋನಿನಾಗೇ ಮಾತಾಡಿಸ್ತೀನಿ. ಅದು ತೊಂದ್ರೆ ಅಂತ ಗೊತ್ತಿರ್ಲಿಲ್ಲ."

"ತೊಂದ್ರೆ ಅಂತಲ್ಲ ಮೇಷ್ಟ್ರೇ..."

"ನೋಡನ ಬುಡು. ಆ ಹುಡ್ಗಿ ಮಾತು ಇಲ್ಲಿಗೆ ಕಳಿಸು."

ಮನೆಗೆ ಬಂದ ಮೇಲೂ ಅವರ ಮುಖವೇ ಕಣ್ಣಿಗೆ ಕಟ್ಟಿತ್ತು. ಹಿರಿಯರ ಮನಸ್ಸನ್ನೂ ನೋಯಿಸಿದೆ, ಸಂಧ್ಯಾಳ ಕೆಲಸವೂ ಆಗುತ್ತದೋ ಇಲ್ಲವೋ ಎಂದುಕೊಳ್ಳುತ್ತ ಸೊಪ್ಪು ಸೋಸಿದಳು.

ಶುಕ್ರವಾರ ಅವಳಿಗೆ ಎಚ್ಚರವಾದದ್ದು ಸುಧಾಳ ಫೋನಿನಿಂದ.

"ಮೇಷ್ಟ್ರಿಗೆ ಹುಷಾರಿಲ್ವೇನೇ?"

"ಯಾಕೆ?"

"ನಮ್ಮನೆಯೋರು ಅವರ ಸ್ಟೂಡೆಂಟ್ ಅಲ್ವಾ. ದಿನಾ ಹಾಲು ಬರೋಕ್ಕೆ ಮುಂಚೆ ಮೇಷ್ಟ್ರ ಶುಭೋದಯದ ಶಿವ ಬರ್ತಿದ್ದ. ಇವತ್ತು ಬಂದಿಲ್ಲ, ಏನೋ ವಾಯ್ಸ್ ಬಂದಿದೆ, ತೆಗೆಯೋಕೇ ಭಯ ಅಂತ ಕೂತವ್ರೆ."

"ತೆಗೆದು ಕೇಳಕ್ಕೆ ಹೇಳು" ಎಂದ ದೀಪಿಕಾಗೆ ನಗು ತಡೆಯಲಾಗಲಿಲ್ಲ.

ಆಮೇಲೆ ಮೇಷ್ಟ್ರದೇ ಫೋನು. "ಏನವ್ವ, ಪೂಜೆ ಮುಗಿಸಿ ತಿಂಡಿ ತಿನ್ನಕ್ಕೆ ಬಿಡ್ತಿಲ್ಲ ನನ್ನ ಹಳೇ ಹುಡುಗ್ರು. ಸದಾಶಿವಯ್ಯ ಇದ್ದಾನಾ ಹೋದ್ನಾ ಅಂತ ವಿಚಾರಿಸ್ಕೊತಾವ್ರೆ. ಇದೀನಪ್ಪ, ಮೊದ್ಲು ಆ ಹುಡ್ಗಿ ಮಾತು ಕೇಳಿಸ್ಕೊಂಡ್ಯಾ ಹೇಳು ಅಂತಿದೀನಿ." ಅವರ ದನಿಯಲ್ಲಿ ನಿನ್ನೆಯ ಮಂಕು ಇರಲಿಲ್ಲ. "ಅವರಾಗೆ ಗುಬ್ಬಿ ಹತ್ರದ ಕಡಬದ ಚನ್ನೇಶ ನಿಂಗೆ ಫೋನ್ ಮಾಡ್ತಾನೆ, ಎತ್ಕೊ."

ಚನ್ನೇಶ್ ತೆಂಗಿನ ತೋಟದಿಂದಲೇ ಮಾತಾಡಿದ. "ಮೇಡಂ, ನನ್ನ ಮಗಳು ಅನುಪಮಾ ಅಂತ. ಫಸ್ಟ್ ಪಿಯುಸಿ ಪರೀಕ್ಷೆ ಮುಗಿಸಿ ಮನೇಲಿ ರೀಲ್ಸ್ ನೋಡ್ಕೊಂಡು ಕೂತವ್ಳೆ. ಕುಣಿಗಲ್‌ನಾಗೆ ನಮ್ಮಕ್ಕನ ಮನೆ ಐತೆ, ಎಲ್ಲ ಪರೀಕ್ಷೆ ಮುಗಿಯೋವರ್ಗೂ ಅಲ್ಲೇ ಇರ್ತಾಳೆ. ಆ ಮಗು ಅಷ್ಟು ಧೈರ್ಯವಾಗಿ ಕೇಳೈತಲ್ಲ, ಇಲ್ಲ ಅನ್ನಕ್ಕಾಯ್ತದಾ?"

ದೀಪಿಕಾ ಗೋಡೆಗೊರಗಿದಳು. ಆ ಕಡೆಯಿಂದ ಚನ್ನೇಶ್, "ಹಲೋ, ಸಿಗ್ನಲ್ ಇಲ್ವಾ?" ಎನ್ನುತ್ತಿದ್ದ.

ಶನಿವಾರ ಬೆಳಗ್ಗೆಯೇ ಅನುಪಮಾಳ ಹೆಸರು ಕಾಲೇಜಿಗೆ ಸೇರಿತು. 'ಸಂಧ್ಯಾಗೆ ಬರೆದುಕೊಡುವವರು ಸಿಕ್ಕಿದ್ದಾರೆ, ಇನ್ನು ಯಾರೂ ಫೋನ್ ಮಾಡಬೇಕಾಗಿಲ್ಲ, ಕೇಳಿದವರಿಗೆಲ್ಲ ವಂದನೆ' ಎಂದು ದೀಪಿಕಾ ಗ್ರೂಪಿಗೆ ಹಾಕಿದಳು. ಮೇಷ್ಟ್ರನ್ನು ಕೇಳಿಯೇ, ಗ್ರೂಪಿನಲ್ಲಿ ತಾವಿಬ್ಬರು ಮಾತ್ರ ಬರೆಯುವಂತೆ ಬದಲಿಸಿದಳು. ಕೆಲಸವಿದ್ದರಷ್ಟೇ ಅಲ್ಲಿ ಸದ್ದು. ಯಾರಿಗೆ, ಎಲ್ಲಿ, ಯಾವತ್ತು, ಏನು ಮಾಡಬೇಕು ಎನ್ನುವುದು ಮೊದಲ ಸಾಲಿನಲ್ಲೇ ಇರಬೇಕು. ಅದು ಆಯಿತೋ ಇಲ್ಲವೋ ಎಂಬುದನ್ನೂ ತಿಳಿಸಬೇಕು. ಮೇಷ್ಟ್ರ ಶುಭೋದಯ ಅವರವರ ಫೋನಿಗೆ ಬೇರೆಯಾಗಿ ಹೋಗಲಿ. ಸುಧಾ ಮ್ಯೂಟ್ ತೆಗೆದಳು, "ಒಂದು ಹೂವು ಬಂದ್ರೂ ಮತ್ತೆ ಹಾಕ್ತೀನಿ, ಹೇಳಿರ್ತೀನಿ" ಎಂದು ಬೆದರಿಸಿಯೇ.

ಸೋಮವಾರ ದೀಪಿಕಾ ಮಗುವನ್ನು ಅತ್ತೆ ಕಲ್ಲಮ್ಮನ ಹತ್ತಿರ ಬಿಟ್ಟು ಕುಣಿಗಲ್ ಬಸ್ಸು ಹತ್ತಿದಳು. ಹೋಗಲೇಬೇಕೆಂದೇನೂ ಇರಲಿಲ್ಲ. ಮನೆಯಲ್ಲಿ ಕೂರಲು ಆಗಲಿಲ್ಲ, ಅಷ್ಟೇ. ಅವಳು ತಲುಪುವಷ್ಟರಲ್ಲಿ ಪರೀಕ್ಷೆ ಶುರುವಾಗಿತ್ತು. ಕಾಲೇಜಿನ ಎದುರಿನ ಹೊಂಗೆ ಮರದಡಿ ಸಂಧ್ಯಾಳ ತಾಯಿ ಚಿಕ್ಕಗಂಗಮ್ಮ ಸೆರಗು ಹೊದ್ದು ಕೂತಿದ್ದರು.

"ಒಳಕ್ಕೆ ಹೋದ್ರಾ ಚಿಕ್ಕಗಂಗಮ್ಮ?"

"ಹೋದ್ರು ಕಣವ್ವ. ಇಬ್ರೂ ಕೈ ಹಿಡ್ಕೊಂಡು ಹೋದ್ರು. ಹೋದ್ ವರ್ಷ ಇದೇ ಮರದ ಕೆಳಗೆ ಮಗಳ್ನ ಕರ್ಕೊಂಡು ಕೂತಿದ್ದೆ. ಈವತ್ತು ಒಬ್ಳೇ ಕೂತಿದೀನಿ, ಅದೇ ಖುಷಿ."

ಗಂಟೆ ಹೊಡೆಯಿತು. ಮಕ್ಕಳೆಲ್ಲ ಹೊರಬಂದ ಮೇಲೆ ಕೊನೆಯಲ್ಲಿ ಸಂಧ್ಯಾ ಮತ್ತು ಅನುಪಮಾ ಬಂದರು. ಅನುಪಮಾಳ ಬೆರಳಲ್ಲಿ ಇಂಕಿನ ಕಲೆ. ಇಬ್ಬರೂ ಆಗಲೇ ಜಗಳವಾಡುತ್ತಿದ್ದರು.

"ನಾನು ಹೇಳಿದ್ದನ್ನ ಬರೀ ಅಂದ್ರೆ, 'ಅಕ್ಕ ಅದು ಸರೀನಾ' ಅಂತ ಕೇಳ್ತಾಳೆ. ನಂಗೇ ಅನುಮಾನ ಬರತ್ತೆ."

"ಒಂದೇ ಸಲ ಕೇಳಿದ್ದು ಕಣಕ್ಕ. ನೀನೇನು ರೈಲು ಬಿಟ್ಟಂಗೆ ಹೇಳ್ತಿದ್ದೆ."

"ಎಲ್ಲ ಬರೆದ್ರಾ?" ದೀಪಿಕಾ ಕೇಳಿದಳು.

"ಎಲ್ಲ ಆಯ್ತು ಅಕ್ಕ. ಓದಿ ಹೇಳೋಕೂ ಟೈಮ್ ಉಳೀತು." ಸಂಧ್ಯಾ ದೀಪಿಕಾಳ ತೋಳು ಹುಡುಕಿ ಹಿಡಿದುಕೊಂಡು, ದನಿ ತಗ್ಗಿಸಿದಳು. "ಇವಳ ಅಕ್ಷರ ಹೆಂಗಿದೆ? ನೀವು ನೋಡಿದೀರಾ?"

ದೀಪಿಕಾ ನೋಡಿರಲಿಲ್ಲ. ಅಷ್ಟೆಲ್ಲ ಓಡಾಟದಲ್ಲಿ ಯಾರೂ ನೋಡಿರಲಿಲ್ಲ. ಅನುಪಮಾ ಪ್ರಶ್ನೆಪತ್ರಿಕೆಯನ್ನು ಮುಂದೆ ಚಾಚಿದಳು. ಪೆನ್ನು ಬರೆಯುತ್ತದೋ ಇಲ್ಲವೋ ಎಂದು ನೋಡಲು ಅದರ ಮೂಲೆಯಲ್ಲಿ ಸಂಧ್ಯಾ ಎಂದು ಬರೆದಿದ್ದಳು. ದುಂಡಗೆ, ಸ್ವಲ್ಪ ಬಲಕ್ಕೆ ವಾಲಿದ ಅಕ್ಷರ.

"ಓದೋ ಹಂಗಿದೆ" ಎಂದಳು ದೀಪಿಕಾ.

"ಸಾಕು" ಎಂದ ಸಂಧ್ಯಾ, "ಅಮ್ಮ, ಹೊಟ್ಟೆ ಹಸೀತಿದೆ" ಎಂದು ಚಿಕ್ಕಗಂಗಮ್ಮನ ದನಿ ಬಂದ ಕಡೆಗೆ ಕೈ ಚಾಚಿದಳು.