ದೊಡ್ಡವ್ವನ ಅಳುವಿಗೆ ಒನ್ಸ್ ಮೋರ್

ದೆವ್ವದ ಸಿನಿಮಾ ಅಂದರೆ ನನಗೆ ಹುಚ್ಚು. ಮಾರ್ಕೆಟ್ ಯಾರ್ಡಿನ ಈರುಳ್ಳಿ ಅಂಗಡಿಯಲ್ಲಿ ಕೂತು, ಲಾರಿ ಎಲ್ಲಿಗೆ ಬಂತು ಅಂತ ದಿನವಿಡೀ ಫೋನ್ ಮಾಡಿ ತಲೆ ಚಿಟ್ಟು ಹಿಡಿದ ಮೇಲೆ, ಪರದೆಯ ಮೇಲೊಂದು ಹೆಣ ಎದ್ದು ಕೂತರೇನೇ ನನಗೆ ಸಮಾಧಾನ. ಹೀಗಾಗಿ ಇಂಥ ಸಿನಿಮಾದ ಹುಚ್ಚರೆಲ್ಲ ನಮ್ಮ ಪುಣೆಯಲ್ಲೇ ಒಂದು ಭಾನುವಾರ ಸೇರುತ್ತಾರೆಂದು ಗೊತ್ತಾದ ಕೂಡಲೇ ಎರಡು ಟಿಕೆಟ್ ತೆಗೆಸಿದೆ. ಎರಡನೆಯದು ದೊಡ್ಡವ್ವನಿಗೆ. ಪ್ರೀತಿಯಿಂದಲ್ಲ ಮತ್ತೆ. ಅಲ್ಲಿ ಕಿರುಚುವ ಸ್ಪರ್ಧೆಯಿತ್ತು, ಗೆದ್ದವರಿಗೆ ಸಿನಿಮಾ ಒಂದರಲ್ಲಿ ನಿಜವಾಗಿ ಬಳಸಿದ ರಬ್ಬರಿನ ರುಂಡ ಕೊಡುತ್ತಿದ್ದರು. ಆ ರುಂಡ ನನಗೆ ಬೇಕಿತ್ತು.

ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ. ಅವ್ವ ಹಾಸಿಗೆ ಹಿಡಿದ ಮೇಲೆ ಅವಳನ್ನು ನೋಡಿಕೊಳ್ಳಲು ವಿಜಯಪುರದ ಕಡೆಯ ಊರಿನಿಂದ ಬಂದು ನಮ್ಮ ಮನೆಯಲ್ಲೇ ಉಳಿದಿದ್ದಳು. ಆ ಊರಲ್ಲಿ ಯಾರು ಸತ್ತರೂ ಮೊದಲು ಇವಳಿಗೆ ಹೇಳಿಕಳಿಸುತ್ತಿದ್ದರು. ಹೆಣದ ತಲೆಯ ಹತ್ತಿರ ಕೂತು, ಸತ್ತವರ ಬಾಳನ್ನೆಲ್ಲ ಹಾಡ್ಯಾಡಿ ಅಳುತ್ತಿದ್ದಳು. ಸತ್ತವನಿಗೆ ಶಾಪ ಹಾಕಿದವರೂ ಕಣ್ಣೊರೆಸಿಕೊಳ್ಳಬೇಕು, ಹಾಗಿತ್ತು ಅವಳ ದನಿ. ಸಣ್ಣವಳಿದ್ದಾಗ ಒಮ್ಮೆ ನಾನು, "ದೊಡ್ಡವ್ವ, ಒಂದ್ಸಲ ಅತ್ತು ತೋರ್ಸs" ಅಂದಿದ್ದಕ್ಕೆ ಕಪಾಳಕ್ಕೆ ಬಿಟ್ಟಿದ್ದಳು.

"ಬದುಕಿದವರ ಹೆಸರಿಲೆ ಅಳಬಾರದು, ಹುಚ್ಚಿ. ಒಬ್ಬರಿಗೆ ಒಂದs ಸಲ ಅದು."

ಅವ್ವನಿಗೂ ಉಳಿದದ್ದು ಅದೊಂದೇ ಆಸೆ. "ನಾ ಹೋದಾಗ ನಮ್ಮಕ್ಕ ಅತ್ರ ಸಾಕವ್ವ" ಅನ್ನುತ್ತಿದ್ದಳು. "ನೀ ಅಳಬ್ಯಾಡ ಮತ್ತ. ನೀ ಅತ್ರ ಆಂಬ್ಯುಲೆನ್ಸ್ ಬಂದಂಗ ಆಗ್ತದ." ಇಬ್ಬರೂ ನನ್ನ ಮುಖ ನೋಡಿ ನಗುತ್ತಿದ್ದರು.

ಸೀರೆ ಪ್ರದರ್ಶನ ಅಂತ ಸುಳ್ಳು ಹೇಳಿ ದೊಡ್ಡವ್ವನನ್ನು ಹೊರಡಿಸಿದೆ. ಅವ್ವನನ್ನು ಪಕ್ಕದ ಮನೆಯವರು ನೋಡಿಕೊಳ್ಳುವುದೆಂದಾಯಿತು. ಸಭಾಂಗಣದ ಬಾಗಿಲಲ್ಲೇ ಹೊಟ್ಟೆಯಿಂದ ರಬ್ಬರಿನ ಕರುಳು ಜೋತಾಡಿಸಿಕೊಂಡು ಒಬ್ಬಳು ವಡಾಪಾವ್ ತಿನ್ನುತ್ತಿದ್ದಳು. ದೊಡ್ಡವ್ವ ಅವಳನ್ನು ಮೇಲಿಂದ ಕೆಳಗೆ ನೋಡಿ, "ಇಕಿಗೆ ಹೇಳೋರು ಕೇಳೋರು ಯಾರೂ ಇಲ್ಲೇನ? ಸೀರಿ ಎಲ್ಲಿ ಅವ?" ಅಂದಳು. ಮುಂದ ಅದ ನಡಿ ಅಂತ ಕೈ ಹಿಡಿದು ಎಳೆದುಕೊಂಡು ಹೋದೆ. ಸ್ಪರ್ಧೆಗೆ ಅವಳ ಹೆಸರು ಮೊದಲೇ ಬರೆಸಿದ್ದೆ.

ಹನ್ನೊಂದು ಜನ ಕಿರುಚಿದರು. ಎಲ್ಲ ಬರೀ ಗಂಟಲು. ಆಮೇಲೆ ದೊಡ್ಡವ್ವನ ಸರದಿ. ವೇದಿಕೆಯ ಮೇಲೆ ಮೈಕ್ ಹಿಡಿದವನು ಮರಾಠಿಯಲ್ಲಿ "ಆಜೀ, ಓರಡಾ!" ಅಂದ. ಅಜ್ಜಿ, ಕಿರುಚು ಅಂತ. ದೊಡ್ಡವ್ವ ಸೆರಗಿನ ತುದಿ ಬಾಯಿಗಿಟ್ಟುಕೊಂಡು, ಏನೂ ತಿಳಿಯದೆ ನನ್ನ ಮುಖ ನೋಡಿದಳು. ಜನ ನಕ್ಕರು. ನನಗೆ ಅವಮಾನವಾಯಿತು, ಸಿಟ್ಟು ಬಂತು, ರುಂಡ ಕೈತಪ್ಪಿತು ಅನಿಸಿತು.

ಮೆಟ್ಟಿಲು ಹತ್ತಿ ಹೋಗಿ ಅವಳ ಕಿವಿಯಲ್ಲಿ ಹೇಳಿದೆ: "ದೊಡ್ಡವ್ವ, ಈಗ ಮನಿಯಿಂದ ಫೋನ್ ಬಂದಿತ್ತು. ಅವ್ವ ಹೋದ್ಲಂತ."

ಇದನ್ನು ಬರೆಯುವಾಗ ಕೈ ನಡುಗುತ್ತದೆ ಅಂತ ಹೇಳಿದರೆ ಅದೂ ಸುಳ್ಳಾದೀತು. ಆವತ್ತೂ ನಡುಗಲಿಲ್ಲ. ಕೆಳಗಿಳಿದು ಬಂದು ಫೋನಿನಲ್ಲಿ ವಿಡಿಯೋ ಶುರು ಮಾಡಿದೆ.

ದೊಡ್ಡವ್ವ ಅಲ್ಲೇ ಕೂತುಬಿಟ್ಟಳು. ಕೂತಲ್ಲೇ ಎರಡೂ ಕೈಯಿಂದ ನೆಲ ಬಡಿದಳು. ಆಮೇಲೆ ದನಿ ಹೊರಟಿತು. ಇಬ್ಬರೂ ಒಂದೇ ಕೌದಿಯಲ್ಲಿ ಮಲಗಿದ್ದು, ತಂಗಿಯ ತಲೆಯ ಹೇನು ತೆಗೆದದ್ದು, ತವರಿನಿಂದ ಬಂದ ಒಂದೇ ಇಳಕಲ್ ಸೀರೆಯನ್ನು ಹಬ್ಬಕ್ಕೊಬ್ಬರಂತೆ ಉಟ್ಟದ್ದು ಎಲ್ಲ ಬಂತು. "ನನ್ನ ಬಿಟ್ಟು ಮುಂದ ಹೊಂಟೆಲ್ಲs ನನ ತಂಗೀ, ಬಾಗಲಾ ತೆಗಿಯೋರು ಯಾರs" ಅಂತ ಎದೆ ಬಡಿದುಕೊಂಡಳು. ಒಂದು ಪದವೂ ಅರ್ಥವಾಗದ ಜನ ಗಪ್ಪಾಗಿ ನಿಂತರು. ಕರುಳಿನ ಹುಡುಗಿಯ ಕಣ್ಣಿನ ಕಪ್ಪು ಗಲ್ಲಕ್ಕೆ ಇಳಿದಿತ್ತು. ಮುಗಿದ ಮೇಲೆ ಚಪ್ಪಾಳೆ, ಸಿಳ್ಳೆ, "ಒನ್ಸ್ ಮೋರ್!" ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ.

ದೊಡ್ಡವ್ವ ತಲೆ ಎತ್ತಿದಳು. ಮೈಕು ಅವಳ ಬಾಯಿಯ ಹತ್ತಿರವೇ ಇತ್ತು.

"ಇನ್ನೊಮ್ಮೆ ಸಾಯಬೇಕೇನು ನನ್ನ ತಂಗಿ?"

ಅದೂ ನಟನೆಯೇ ಅಂದುಕೊಂಡು ಜನ ಮತ್ತಷ್ಟು ಚಪ್ಪಾಳೆ ಹೊಡೆದರು.

ರಿಕ್ಷಾದಲ್ಲಿ ಗೆದ್ದ ರುಂಡವನ್ನು ತೊಡೆಯ ಮೇಲಿಟ್ಟುಕೊಂಡು ನಿಜ ಹೇಳಿದೆ. ಅವ್ವ ಆರಾಮ ಇದ್ದಾಳೆ, ಸ್ಪರ್ಧೆಗೋಸ್ಕರ ಹಾಗೆಂದೆ ಅಂತ. ಕಪಾಳಕ್ಕೆ ಬೀಳುತ್ತದೆಂದು ಕಾದೆ. ಬೀಳಲಿಲ್ಲ. ಮನೆಗೆ ಬಂದಾಗ ಅವ್ವ ದಿಂಬಿಗೆ ಒರಗಿ, "ಯಾವ ಸೀರಿ ತಂದೀರಿ, ತೋರಸ್ರಿ" ಅಂದಳು. ದೊಡ್ಡವ್ವ ಬಾಚಣಿಗೆ ತಂದು ತಂಗಿಯ ತಲೆ ಬಾಚತೊಡಗಿದಳು.

ನಾಲ್ಕು ತಿಂಗಳಿಗೆ ಅವ್ವ ನಿಜವಾಗಿಯೂ ಹೋದಳು. ಊರಿನಿಂದ ಸೋದರಮಾವ ಬಂದ, ನೆಂಟರ ಹೆಂಗಸರೆಲ್ಲ ಬಂದರು. ದೊಡ್ಡವ್ವ ಹೆಣದ ತಲೆಯ ಹತ್ತಿರ ಕೂತಳು. ಅವಳ ದನಿಗೆ ದನಿಗೂಡಿಸಲು ಎಲ್ಲರೂ ಕಾದರು. ಅವಳು ಬಾಯಿ ತೆಗೆಯಲಿಲ್ಲ.

"ಸುರು ಮಾಡ್ರಿ ಅಕ್ಕಾರ" ಅಂದಳು ಒಬ್ಬ ಮುದುಕಿ.

"ಈಕಿದು ಆಗೇದ" ಅಂದಳು ದೊಡ್ಡವ್ವ. "ಒಬ್ಬರಿಗೆ ಒಂದs ಸಲ."

ನಾನು ಅವಳ ಕಾಲು ಹಿಡಿದುಕೊಂಡೆ. "ತಪ್ಪಾತು ದೊಡ್ಡವ್ವ, ಅವ್ವನ ಸಲವಾಗಿ ಅಳು. ಅಕಿ ಕೇಳಿದ್ದು ಇದೊಂದs ಅಲ್ಲs" ಅಂತ ಗೋಳಾಡಿದೆ. ಅವಳು ನನ್ನ ತಲೆ ಸವರಿದಳು.

"ನಿನ್ನ ಫೋನಿನ್ಯಾಗ ಆ ಅಳು ಅದ ಅಲ್ಲs, ಹಚ್ಚು."

ಹಚ್ಚಿದೆ. ಬೇರೆ ದಾರಿಯೇ ಇರಲಿಲ್ಲ. ಅವಳ ದನಿ ಕೋಣೆ ತುಂಬಿತು, ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡು ಜೊತೆಗೆ ಅತ್ತರು, ಸೋದರಮಾವ ಗೋಡೆಗೆ ಮುಖ ಮಾಡಿ ಬಿಕ್ಕಿದ. ಅವ್ವನ ಆಸೆ ಹೇಗೋ ತೀರಿತಲ್ಲ ಅಂದುಕೊಂಡೆ. "ಬಾಗಲಾ ತೆಗಿಯೋರು ಯಾರs" ಅನ್ನುವ ಸಾಲು ಬಂದಾಗ ಮುಂದೇನಿದೆ ಅಂತ ನೆನಪಾಯಿತು. ಆರಿಸಲು ಕೈ ಹಾಕಿದೆ. ದೊಡ್ಡವ್ವ ನನ್ನ ಮುಂಗೈ ಹಿಡಿದಳು. ರೊಟ್ಟಿ ಬಡಿದ ಕೈ ಅದು, ಬಿಡಿಸಿಕೊಳ್ಳಲಾಗಲಿಲ್ಲ.

ಹೆಣದ ಮುಂದೆ ನನ್ನ ದನಿ ಖುಷಿಯಿಂದ ಕೂಗಿತು: "ಒನ್ಸ್ ಮೋರ್! ಒನ್ಸ್ ಮೋರ್!"

ಅಳು ನಿಂತಿತು. ಎಲ್ಲರೂ ನನ್ನ ಕಡೆ ತಿರುಗಿದರು. ಫೋನು ಇನ್ನೂ ನಡೆದಿತ್ತು. ವೇದಿಕೆಯ ಮೇಲೆ ದೊಡ್ಡವ್ವ ಕೇಳಿದ್ದ ಮುಂದಿನ ಮಾತು ಈ ಸಲ ಕೋಣೆಯಲ್ಲಿದ್ದ ಪ್ರತಿಯೊಬ್ಬರಿಗೂ ಅರ್ಥವಾಯಿತು.