ಸಾವಿನ ಮನೆಯಲ್ಲಿ ಆಡಿದ ಮಾತು

ಬೆಳಿಗ್ಗೆ ತಿಂಡಿಯ ಪಾತ್ರೆ ತೊಳೆಯುತ್ತಿದ್ದ ನನ್ನನ್ನು ನಮ್ಮ ಯಜಮಾನರು ಸಾವಿನ ಮನೆಗೆ ಹೊರಡಿಸಿದರು. ಪುಣೆಯ ಕಾನೂನು ಕಾಲೇಜೊಂದರಲ್ಲಿ ಹಳೆಯ ವಿದ್ಯಾರ್ಥಿಗಳ ಸಂಪರ್ಕ, ದೇಣಿಗೆ ಸಂಗ್ರಹ ಅವರ ಹೊಣೆ. ತೀರಿಕೊಂಡ ವಕೀಲರು ಅಲ್ಲಿಯ ಹಳೆಯ ವಿದ್ಯಾರ್ಥಿ; ಗ್ರಂಥಾಲಯಕ್ಕೆ ದೇಣಿಗೆ ಕೊಡುವೆನೆಂದಿದ್ದರು.

"ಇವತ್ತ ಆ ಮಾತು ಬ್ಯಾಡ. ನೀ ಅವರ ಮನಿಯವರ ಪರಿಚಯ ಮಾಡ್ಕೊ, ಸಾಕು," ಎಂದರು ಸ್ಕೂಟರ್ ಹತ್ತುವಾಗ.

ವಕೀಲರ ಹೆಂಡತಿ ನನ್ನ ಕೈ ಹಿಡಿದೇ ಕೂತಿದ್ದರು. ಅವರ ಮಣಿಕಟ್ಟಿನ ಮೇಲೆ ಬಳೆಗಳ ಗೆರೆ ಇನ್ನೂ ಮಾಸಿರಲಿಲ್ಲ. ಏಳುವಾಗ ಎಲ್ಲ ಮನೆಗಳಲ್ಲೂ ಹೇಳುವ ರೂಢಿಯಲ್ಲಿ "ಮತ್ತ ಬರ್ತೀವ್ರಿ" ಎಂದುಬಿಟ್ಟೆ. ಸಾವಿನ ಮನೆಯಲ್ಲಿ ಆಡಬಾರದ ಮಾತು; ಎಲ್ಲರೂ ತಿರುಗಿ ನೋಡಿದರು.

"ಇರ್ಲಿ ಬಿಡ್ರಿ. ಬರ್ತೀವಿ ಅಂದವರು ನೀವೊಬ್ಬರ. ಖರೇನ ಬರ್ರಿ," ಎಂದರು ಆಕೆ.

ನಾವು ಮತ್ತೆ ಹೋಗುವುದು ದೇಣಿಗೆ ಕೇಳಲಿಕ್ಕೆ. ನನಗೆ ಅವರ ಮುಖ ನೋಡಲಾಗಲಿಲ್ಲ. ಸಂಜೆ ವಿಷಯ ತಿಳಿದ ಪಕ್ಕದ ಮನೆಯ ವೈನಿ, ಕೊತ್ತಂಬರಿ ಸೋಸುತ್ತಲೇ, "ಹಳೇ ವಿದ್ಯಾರ್ಥಿಗಳನ್ನ ಸತ್ತ ಮ್ಯಾಲೂ ಮರಿಯೂದಿಲ್ಲ ನೋಡ್ರಿ ನಿಮ್ಮವರು," ಅಂದರು.