ಚಿಂದಿಯಲ್ಲಿ ಕಟ್ಟಿಟ್ಟ ಬೆಟ್ಟದ ಬೀಜ

ಹೆಬ್ಬಳ್ಳಿ ರಸ್ತೆಯ ನರ್ಸರಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಸಿಗಳಿಗೆ ನೀರು ಬಿಡುತ್ತಿದ್ದ ಇಮಾಮಬಿ ಪೈಪು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ.

“ನೀವು ಪೇಪರ್‌ನವರು ಅಂತ ಹೆಂಗ ನಂಬಲಿ? ಮೊನ್ನೆ ಒಬ್ಬಾವ ಫೋಟೋ ತಗೀತೇನಿ ಅಂತ ಬಂದು ಗುಲಾಬಿ ಗಿಡಾನ ಹೊತ್ಕೊಂಡು ಹೋದನ್ರಿ.”

ಗುರುತಿನ ಚೀಟಿ ತೋರಿಸುತ್ತೇನೆ. ಅದರಲ್ಲಿರುವ ಫೋಟೋ ನನ್ನದೇ ಹೌದೋ ಅಲ್ಲವೋ ಎಂದು ಅವರಿಗೆ ಅನುಮಾನ. ಆ ಫೋಟೋ ಬಗ್ಗೆ ನನಗೂ ಅಷ್ಟೇನೂ ಭರವಸೆ ಇಲ್ಲ.

ಅರವತ್ತರ ಹತ್ತಿರದ ಈ ಹೆಂಗಸು ಗಂಡ ತೀರಿಕೊಂಡ ಮೇಲೆ ಇಲ್ಲಿ ಕೆಲಸಕ್ಕೆ ಸೇರಿದವರು. ಮೊದಲ ವರ್ಷವೇ ವ್ಯಾಪಾರಿಯೊಬ್ಬ ಹಳೆಯ ಬೀಜ ಕೊಟ್ಟ. ಒಂದೂ ಮೊಳೆಯಲಿಲ್ಲ, ಬೈಗುಳ ಮಾತ್ರ ಇವರ ಪಾಲಿಗೆ ಬಂತು. ಅಂದಿನಿಂದ ಯಾರೇ ಬೀಜ ತಂದರೂ ಅದರಲ್ಲಿ ಒಂದು ಚಿಟಿಕೆ ತೆಗೆದು, ಚಿಂದಿಯಲ್ಲಿ ಗಂಟು ಕಟ್ಟಿ ಡಬ್ಬಿಯಲ್ಲಿ ಇಡುತ್ತಾರೆ. ನಾಳೆ ಜಗಳ ಬಂದರೆ ತೋರಿಸಲು ಇರಲಿ ಎಂಬುದು ಅವರ ಲೆಕ್ಕ.

ಆ ಜಗಳ ಬಂದದ್ದು ಕಳೆದ ವರ್ಷ, ಅದೂ ಮಾಲತೇಶನ ಜೊತೆ. ಸುಳ್ಳ ಗ್ರಾಮದಿಂದ ಬರುವ ಮಾಲತೇಶ ಹತ್ತಾರು ವರ್ಷಗಳಿಂದ ಇವರ ಪಕ್ಕದಲ್ಲೇ ಮಣ್ಣು ಕಲಸಿದವನು, ಮಧ್ಯಾಹ್ನ ಇವರ ಜೊತೆಗೇ ರೊಟ್ಟಿ ಬಿಚ್ಚಿದವನು. ಮಾಳಮಡ್ಡಿಯ ಗಿರಾಕಿಯೊಬ್ಬರು ಬೆಟ್ಟದ ಕಾಡಿನಲ್ಲಿ ಬೆಳೆಯುವ ವಾಟಲ್ ಮರದ ಬೀಜ ತಂದುಕೊಟ್ಟಿದ್ದರು. ಎಲೆ ಜಾಲಿಯಂತೆ ಸಣ್ಣ ಸಣ್ಣದಾಗಿರುತ್ತದೆ ಎಂದೂ ಹೇಳಿದ್ದರು. ಎಂದಿನಂತೆ ಚಿಟಿಕೆ ಬೀಜ ಗಂಟು ಕಟ್ಟಿಟ್ಟ ಮೇಲೆ ಆ ವಾರ ಇಮಾಮಬಿಗೆ ಜ್ವರ ಬಂದು ಮಾಲತೇಶನೇ ಬೀಜ ಹಾಕಿದ.

ಸಸಿಗಳು ಜಾಲಿಯಂಥ ಎಲೆ ಬಿಟ್ಟೇ ಮೇಲೆದ್ದವು. ಕೆಲವು ತಿಂಗಳಾದ ಮೇಲೆ ನೋಡಿದರೆ ತುದಿಯಲ್ಲಿ ಉದ್ದನೆಯ ಚಪ್ಪಟೆ ಎಲೆ! ರಸ್ತೆ ಬದಿಯ ಮಾಮೂಲಿ ಅಕೇಶಿಯಾ ಸಸಿ ಹೀಗೆ ಎಲೆ ಬದಲಿಸುವುದನ್ನು ಇಮಾಮಬಿ ಎಷ್ಟೋ ಸಲ ಕಂಡವರು. ಗಟ್ಟಿ ಸಿಪ್ಪೆ ಮೆತ್ತಗಾಗಲೆಂದು ಬಿಸಿನೀರಿನಲ್ಲಿ ನೆನೆಹಾಕುವಾಗ ಮಾಲತೇಶ ಬೆಟ್ಟದ ಬೀಜ ಬೇಯಿಸಿ ಕೆಡಿಸಿದ್ದಾನೆ, ಅದನ್ನು ಮುಚ್ಚಿಕೊಳ್ಳಲು ಅಕೇಶಿಯಾ ಹಾಕಿದ್ದಾನೆ ಎಂದು ತೀರ್ಮಾನಿಸಿಬಿಟ್ಟರು. ಮಾಲೀಕರ ಎದುರಿಗೇ ಹೇಳಿದರು.

“ಅಕ್ಕಾ, ನಾ ಹಂಗ ಮಾಡಾಂವೇನು?” ಎಂದಷ್ಟೇ ಕೇಳಿದ ಮಾಲತೇಶ. ಇವರು ಪೈಪು ಎತ್ತಿಕೊಂಡು ಆಚೆ ನಡೆದರು. ಮರುದಿನದಿಂದ ಅವನು ಬರಲಿಲ್ಲ.

ಅವನ ಕಳ್ಳಾಟ ಸಾಬೀತು ಮಾಡಲೆಂದೇ ಇಮಾಮಬಿ ಡಬ್ಬಿಯಿಂದ ಗಂಟು ಬಿಚ್ಚಿ, ಉಳಿಸಿಟ್ಟಿದ್ದ ಬೆಟ್ಟದ ಬೀಜವನ್ನು ತಾವೇ ಹಾಕಿದರು. ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ ತಾವೇ ನೀರುಣಿಸಿದರು. ಮೊದಲು ಜಾಲಿಯಂಥ ಎಲೆ ಬಂತು. ಆಮೇಲೆ ಒಂದು ಮುಂಜಾನೆ, ಅದೇ ಗಿಡದಲ್ಲಿ, ಚಪ್ಪಟೆ ಎಲೆ. ಗಿರಾಕಿ ಬೆಟ್ಟದಲ್ಲಿ ನೆಲಕ್ಕೆ ಬಿದ್ದ ಬೀಜ ಆರಿಸುವಾಗ ಎಲೆ ನೋಡಿದ್ದು ಬರೀ ಎಳೆಯ ಸಸಿಗಳದ್ದು. ಅಕೇಶಿಯಾದಂತೆ ಈ ಮರವೂ ಬೆಳೆಯುತ್ತಾ ಎಲೆ ಬದಲಿಸುವಂಥದ್ದೇ ಆಗಿತ್ತು.

“ಅಂವ ಹಾಕಿದ್ದೂ ಅದ ಬೀಜಾ ಇತ್ರಿ,” ಎನ್ನುತ್ತಾರೆ. “ಗಿಡದ ಮುಂದ ಕುಂತು ಅತ್ತೆ.”

ಅವತ್ತೇ ಸುಳ್ಳದ ಬಸ್ಸು ಹತ್ತಿದರು. ಮಾಲತೇಶನ ಹೆಂಡತಿ, ತಾಯಿ ಎಲ್ಲರ ಎದುರಿಗೆ ತಪ್ಪು ತಮ್ಮದೆಂದು ಹೇಳಿದರು. ಹಿಂದಿರುಗಿ ಮಾಲೀಕರಿಗೂ ಹೇಳಿದರು. ಮಾಲತೇಶ ಮತ್ತೆ ಕೆಲಸಕ್ಕೆ ಬಂದ.

ನಾವು ಮಾತಾಡುತ್ತಿರುವಾಗಲೇ ಅವನು ಬರುತ್ತಾನೆ. ಬೈಕು ನಿಲ್ಲಿಸಿ, ಹೊಸ ಬೀಜದ ಚೀಲ ಬಿಚ್ಚಿ, ನೇರ ಇಮಾಮಬಿಯ ಮುಂದೆ ಹಿಡಿಯುತ್ತಾನೆ.

“ನೋಡ್ರಿ ಅಕ್ಕಾ. ನೀವು ನೋಡಿದ ಮ್ಯಾಲೆ ಹಾಕತೇನಿ.”

ಮಾತಿನಲ್ಲಿ ಸಿಟ್ಟಿಲ್ಲ. ಇಮಾಮಬಿ ಚೀಲದೊಳಗೆ ಕಣ್ಣು ಹಾಯಿಸಿ ತಲೆಯಾಡಿಸುತ್ತಾರೆ. ದಿನವೂ ಹೀಗೆಯೇ ಅಂತೆ. ಚಿಟಿಕೆ ಬೀಜವನ್ನೂ ಈಗ ಅವನೇ ತೆಗೆದು ಗಂಟು ಕಟ್ಟುತ್ತಾನೆ. ರೊಟ್ಟಿ ಮಾತ್ರ ಬೇರೆ ಕಡೆ ಕುಳಿತು ತಿನ್ನುತ್ತಾನೆ.

ಅವನು ಆಚೆ ಹೋದ ಮೇಲೆ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಪೈಪು ಎತ್ತಿಕೊಂಡು, ಆ ಬೆಟ್ಟದ ಗಿಡದ ಬುಡಕ್ಕೆ ನೀರು ಬಿಡುತ್ತಾ ಹೇಳುತ್ತಾರೆ:

“ಒಂದ್ ದಿನಾರ ಅಂವ ನನಗ ತೋರಸಲಾರದನ ಬೀಜಾ ಹಾಕಲಿ ಅಂತರಿ. ಅಷ್ಟ.”